ನಾಳೆ ಮಾರಿದ್ರ ಎಷ್ಟ ಬರ್ತದ?

ನಮ್ಮ ಅಣ್ಣನ ಮಗ ಪುಣೆಯಲ್ಲಿದ್ದಾನೆ. ಒಳ್ಳೆಯ ಹುಡುಗ. ದೀಪಾವಳಿಗೆ ತಪ್ಪದೆ ಬರುತ್ತಾನೆ, ಬಂದವನು ಬ್ಯಾಗು ಇಳಿಸುವ ಮೊದಲೇ ಕಾಲಿಗೆ ಬೀಳುತ್ತಾನೆ. ಆದರೆ ಮನೆಯಲ್ಲಿ ಯಾವ ಹೊಸ ವಸ್ತು ಕಂಡರೂ ಅದು ಹೇಗಿದೆ, ಏನು ಮಾಡುತ್ತದೆ ಅಂತ ಕೇಳುವ ಪದ್ಧತಿ ಅವನಿಗಿಲ್ಲ. ಸುತ್ತ ಒಂದು ಸಲ ತಿರುಗಿ ನೋಡಿ, ‘ಕಾಕಾ, ಇದಕ್ಕ ರೀಸೇಲ್ ಏನದ?’ ಅನ್ನುತ್ತಾನೆ. ಮಿಕ್ಸರಿಗೂ ಇದೇ ಪ್ರಶ್ನೆ, ಮಂಚಕ್ಕೂ ಇದೇ ಪ್ರಶ್ನೆ. ಒಮ್ಮೆ ನಾನು ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಾಗ ಸುಮ್ಮನಿದ್ದ. ಆ ಸಂಯಮಕ್ಕೆ ಅವನಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ನನಗೆ ಗೊತ್ತು.

ಇತ್ತೀಚೆಗೆ ಫೋನಿನಲ್ಲಿ ಅವನಿಗೆ ಒಂದು ಮಾತು ಹೇಳಿಬಿಟ್ಟೆ. ಒಂದು ಆಂಪ್ಲಿಫೈಯರ್, ಒಂದು ಜೋಡಿ ಸ್ಪೀಕರು ಕೊಳ್ಳಬೇಕೆಂದಿದ್ದೇನೆ. ಪೆನ್ಶನ್ ಅರಿಯರ್ಸ್ ಬಂದಿದೆ. ಟ್ರಂಕಿನಲ್ಲಿ ಹಳೆಯ ಎಲ್‌ಪಿಗಳಿವೆ, ಅವು ಹಾಡಿ ಬಹಳ ಕಾಲವಾಯಿತು. ಸಂಜೆಯೊಳಗೆ ಮೊಬೈಲಿಗೆ ಉದ್ದದ ಪಟ್ಟಿ ಬಂತು. ‘ಇದು ಬ್ಯಾಡ ಕಾಕಾ, ಮುಂದ ಗಿರಾಕಿ ಸಿಗಂಗಿಲ್ಲ. ಇದು ತೊಗೊ, ಐದ ವರ್ಷ ಬಿಟ್ಟ ಮಾರಿದ್ರೂ ಹಾಕಿದ ರೊಕ್ಕ ಬರ್ತದ.’ ಐದು ವರ್ಷ ಬಿಟ್ಟು ಮಾರುವವನು ಯಾರು ಅನ್ನುವುದನ್ನು ಅವನು ಬರೆದಿರಲಿಲ್ಲ. ನನಗಾಗಲೇ ಅರವತ್ತೈದು ದಾಟಿದೆ. ವಸ್ತುವಿನ ಬಾಳಿಕೆಯ ಬಗ್ಗೆ ಚಿಂತಿಸುವವರು ಕೊಳ್ಳುವವನ ಬಾಳಿಕೆಯನ್ನೂ ಒಂದು ಕಣ್ಣಿನಿಂದ ನೋಡಬೇಕಲ್ಲವೇ?

ಹುಡುಗನನ್ನು ಬೈಯುವುದು ಸುಲಭ. ಆದರೆ ಆ ಪ್ರಶ್ನೆ ಅವನದಲ್ಲ, ನಮ್ಮ ಅಜ್ಜನದು. ಪುಣೆಗೆ ಹೋಗಿ ಇಂಗ್ಲಿಷ್ ಬಟ್ಟೆ ತೊಟ್ಟು ಬಂದಿದೆ, ಅಷ್ಟೆ.

ಈಗ ನಾವಿರುವುದು ಉಮರ್ಗಾದಲ್ಲಿ, ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ. ಮೂಲ ಊರು ನಿಲಂಗಾ ತಾಲೂಕಿನ ಒಂದು ಹಳ್ಳಿ. 1956ರ ತನಕ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮುಂಬೈ ರಾಜ್ಯಕ್ಕೆ ಹೋಗಿ ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಹೈದರಾಬಾದ, ಮುಂಬೈ, ಮಹಾರಾಷ್ಟ್ರ ಅಂತ ಅಜ್ಜ ತನ್ನ ಕಟ್ಟೆ ಬಿಟ್ಟು ಏಳದೆ ಮೂರು ರಾಜ್ಯ ಸುತ್ತಿದ. ಅದಕ್ಕಿಂತ ದೊಡ್ಡ ಸಂಗತಿ ರೊಕ್ಕದ್ದು. ಅಜ್ಜ ಹರೆಯದಲ್ಲಿ ಗಳಿಸಿದ್ದೆಲ್ಲ ನಿಜಾಮನ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಭಾರತೀಯ ರೂಪಾಯಿ. ರೂಪಾಯಿಯನ್ನೇ ಮಾರಲು ಹೋದರೆ ಏಳಕ್ಕೆ ಆರು ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ಉಳಿದ ವಸ್ತುಗಳನ್ನು ಹೇಗೆ ನಂಬಿಯಾನು? ಹೊಲ, ಬಂಗಾರ, ಎತ್ತು ಈ ಮೂರನ್ನು ಬಿಟ್ಟು ಮಿಕ್ಕದ್ದೆಲ್ಲ ಅವನ ಲೆಕ್ಕದಲ್ಲಿ ಖರ್ಚು.

ಎತ್ತು ಕೊಳ್ಳುವಾಗ ಮಾತ್ರ ಅಜ್ಜನನ್ನು ನೋಡಬೇಕಿತ್ತು. ನಮ್ಮದು ದೇವಣಿ ತಳಿಯ ಸೀಮೆ. ದೇವಣಿ ಊರು ಉದಗೀರದ ಮಗ್ಗುಲಲ್ಲೇ ಇದೆ. ಮೈತುಂಬ ಕರಿ ಮಚ್ಚೆಯಿರುವವು, ಮೈಯೆಲ್ಲ ಬಿಳುಪಿದ್ದು ಮುಖ ಮಾತ್ರ ಕಪ್ಪಾದವು, ಪೂರ್ತಿ ಬೆಳ್ಳಗಿನವು ಅಂತ ಅವುಗಳಲ್ಲಿ ಬಗೆಗಳಿವೆ. ದನದ ಬಾಜಾರಿನಲ್ಲಿ ಅಜ್ಜ ಹಲ್ಲು ಎಣಿಸಿ, ಸುಳಿ ನೋಡಿ, ಗೊರಸು ಎತ್ತಿ ನೋಡಿ, ಆಮೇಲೆ ದಲಾಲನ ಎದುರು ಕೂತು ಟವೆಲ್ಲಿನ ಕೆಳಗೆ ಕೈ ಹಾಕುತ್ತಿದ್ದ. ಮೇಲೆ ಇಬ್ಬರೂ ಮಳೆಯ ಮಾತಾಡುತ್ತಿದ್ದರು, ಕೆಳಗೆ ಬೆರಳುಗಳು ವ್ಯಾಪಾರ ಮಾಡುತ್ತಿದ್ದವು. ಇಷ್ಟೆಲ್ಲ ಮುಗಿದು ಎತ್ತು ಮನೆಗೆ ಬಂದ ದಿನ ಅಜ್ಜಿ ಅದರ ಹಣೆಗೆ ಕುಂಕುಮ ಹಚ್ಚುತ್ತಿದ್ದಾಗಲೇ ಅಜ್ಜ, ‘ಎರಡ ವರ್ಷ ಹೊಲ ಮಾಡಿ ಮಾರಿದ್ರೂ ನುಕ್ಸಾನಿಲ್ಲ’ ಅನ್ನುತ್ತಿದ್ದ. ಬಂದ ದಿನವೇ ಹೋಗುವ ಮಾತು ಆಡಬ್ಯಾಡ್ರಿ ಅಂತ ಅಜ್ಜಿಗೆ ಸಿಟ್ಟು.

ಅಜ್ಜಿಗೆ ಅವಳದೇ ಒಂದು ಶಾಸ್ತ್ರವಿತ್ತು. ಪಾತ್ರೆಗೆ ಹೆಸರು ಹಾಕುವವನು ಊರಿಗೆ ಬಂದರೆ ಸಾಕು, ತಂಬಿಗೆ, ತಾಟು, ಚಮಚೆ ಸಮೇತ ಎಲ್ಲಕ್ಕೂ ಹೆಸರು ಕೊರೆಸುತ್ತಿದ್ದಳು. ‘ಹೆಸರು ಹಾಕಿಸಿದ ಭಾಂಡೆಕ್ಕ ಮುಂದ ಕಿಮ್ಮತ್ತು ಬರಂಗಿಲ್ಲ’ ಅಂತ ಅಜ್ಜ ಗೊಣಗಿದರೆ, ‘ಬರಬಾರದಂತನೇ ಹಾಕಿಸೀನಿ’ ಅನ್ನುತ್ತಿದ್ದಳು.

ಇಂಥ ಮನೆಗೆ ರೇಡಿಯೋ ಬಂತು. ಕೊಂಡು ತಂದದ್ದಲ್ಲ, ನನ್ನ ಕಾಕಾನ ಮದುವೆಯಲ್ಲಿ ಬಂದದ್ದು. ಆಗ ವರನಿಗೆ ವಾಚು, ಸೈಕಲ್ಲು, ರೇಡಿಯೋ ಕೊಡುವ ರೂಢಿ. ಕಾಕಾ ಸೈಕಲ್ಲು ಬಿಟ್ಟುಕೊಟ್ಟು ರೇಡಿಯೋಕ್ಕೆ ಹಟ ಹಿಡಿದಿದ್ದನಂತೆ. ಮರ್ಫಿ ಕಂಪನಿಯ ವಾಲ್ವ್ ಸೆಟ್ಟು. ಹಳ್ಳಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ಸೆಟ್ಟಿನ ಮಗ್ಗುಲಿಗೆ ಒಂದು ದೊಡ್ಡ ಡ್ರೈ ಬ್ಯಾಟರಿಯ ಪೆಟ್ಟಿಗೆ, ಮಾಳಿಗೆಯ ಮೇಲೆ ಎರಡು ಬಿದಿರಿನ ನಡುವೆ ಏರಿಯಲ್ಲು. ಬ್ಯಾಟರಿ ತೀರಿದರೆ ಹೊಸದಕ್ಕೆ ರೊಕ್ಕ, ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸಿನ ಪುಸ್ತಕದಲ್ಲಿ ಮೊಹರು ಒತ್ತಿಸಿಕೊಂಡು ಬರಲು 15 ರೂಪಾಯಿ. ‘ಎತ್ತಿಗಿಲ್ಲದ ಲೈಸನ್ಸ ಈ ಡಬ್ಬಿಗ್ಯಾಕ?’ ಅಂತ ಅಜ್ಜ. ಅವನ ಆಜ್ಞೆಯಂತೆ ರೇಡಿಯೋದ ಖೋಕಾ ಜೋಪಾನವಾಗಿ ಅಟ್ಟದ ಮೇಲೆ ಹೋಯಿತು, ಮುಂದೆ ಮಾರುವಾಗ ಬೇಕಲ್ಲ! ಕಾಕಿ ಕಸೂತಿ ಹಾಕಿದ ಬಟ್ಟೆಯ ಮುಸುಕು ಹೊದಿಸಿದಳು. ಅದನ್ನು ಸರಿಸಿ ಗುಂಡಿ ತಿರುಗಿಸುವ ಹಕ್ಕು ಕಾಕಾನದು ಮಾತ್ರ, ಅದೂ ಹೊತ್ತು ಮುಳುಗಿದ ಮೇಲೆ.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ. ಅಮೀನ್ ಸಯಾನಿಯವರ ದನಿ ಶಾರ್ಟ್‌ವೇವಿನಲ್ಲಿ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿತ್ತು. ಹಿಂದಿ ಸಿನಿಮಾ ಹಾಡೆಂದರೆ ಹಾಗೆ ಅಲೆಯಲ್ಲಿ ತೂಗಾಡುತ್ತಲೇ ಇರುವಂಥದ್ದು ಅಂತ ನಾನು ಬಹಳ ದಿನ ನಂಬಿದ್ದೆ. ಮುಂದೆ ಪಟ್ಟಣದಲ್ಲಿ ಅದೇ ಹಾಡನ್ನು ರೆಕಾರ್ಡಿನಲ್ಲಿ ಕೇಳಿದಾಗ, ಇದೇನು ಇಷ್ಟು ನೆಟ್ಟಗೆ ನಿಂತಿದೆ ಅನ್ನಿಸಿ ಸ್ವಲ್ಪ ನಿರಾಸೆಯೇ ಆಯಿತು.

ಅಜ್ಜ ಈ ಹಾಡುಗಳಿಗೆಲ್ಲ ಬೆನ್ನು ಮಾಡಿ ಕೂತಿರುತ್ತಿದ್ದ. 1966ರಲ್ಲಿ ಗುಲ್ಬರ್ಗಾ ಆಕಾಶವಾಣಿ ಶುರುವಾಯಿತು. ಕನ್ನಡ ವಾರ್ತೆ, ಹೊಲಮನೆಯ ಮಾತು, ವಚನ ಎಲ್ಲ ಸ್ವಚ್ಛ ಬರತೊಡಗಿದವು. ಅಜ್ಜನ ಕಿವಿ ನೆಟ್ಟಗಾದದ್ದು ವಚನಕ್ಕೂ ಅಲ್ಲ, ವಾರ್ತೆಗೂ ಅಲ್ಲ, ಬಾಜಾರ ಭಾವಕ್ಕೆ. ತೊಗರಿಗೆ ಇಷ್ಟು, ಜೋಳಕ್ಕೆ ಇಷ್ಟು. ಒಂದು ವರ್ಷ ಅದನ್ನು ಕೇಳಿಯೇ ತೊಗರಿಯನ್ನು ಎಂಟು ದಿನ ತಡೆದು ಅಡತಿಗೆ ಹಾಕಿದ, ಭಾವ ಏರಿತ್ತು. ಆ ರಾತ್ರಿ ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕಿ, ‘ಡಬ್ಬಿ ವಸೂಲಾತು, ಇನ್ನ ಏನರೆ ಹಚ್ಚಕೋರಿ’ ಅಂದ. ಕಾಕಾ ಮುಸುಕು ತೆಗೆದು ಮಡಚಿಟ್ಟವನು ಮತ್ತೆ ಹೊದಿಸಲೇ ಇಲ್ಲ. ಒಂದು ವಸ್ತುವಿನ ಬಂಡವಾಳ ಮನಸ್ಸಿನಲ್ಲಿ ತೀರಿದ ಮೇಲೆ ಅದರ ಜೊತೆ ಎಂಥ ಸಲಿಗೆ ಹುಟ್ಟುತ್ತದೆ ಅನ್ನುವುದನ್ನು ನಾನು ಅಲ್ಲಿ ಕಂಡೆ. ಹೆಂಗಸರು ರೊಟ್ಟಿ ಬಡಿಯುವಾಗಲೂ ರೇಡಿಯೋ, ಮಕ್ಕಳು ಜಗಳಾಡುವಾಗಲೂ ರೇಡಿಯೋ. ಹಿಟ್ಟಿನ ಕೈಯಲ್ಲಿ ತಿರುಗಿಸಿ ತಿರುಗಿಸಿ ಗುಂಡಿ ಬೆಳ್ಳಗಾಯಿತು.

ಆಮೇಲೆ 1972ರ ಬರ. ನಮ್ಮ ಕಡೆಯ ಹಿರಿಯರು ಇವತ್ತಿಗೂ ವಯಸ್ಸನ್ನು ಆ ಬರದಿಂದ ಅಳೆಯುತ್ತಾರೆ. ಜನ ಸರಕಾರಿ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋದರು. ಅಜ್ಜನ ಶಾಸ್ತ್ರಕ್ಕೆ ಪರೀಕ್ಷೆ ಬಂತು, ಪಾಸೂ ಆಯಿತು: ಎತ್ತು ಮಾರಿದರು, ಬಂದದ್ದು ಅಷ್ಟಕ್ಕಷ್ಟೇ ಆದರೂ ಬಂತು, ಅಜ್ಜಿಯ ಪಾಟ್ಲಿ ಸರಾಫನ ತಕ್ಕಡಿ ಏರಿದವು, ಜೋಳ ಬಂತು. ಕಾಕಾ ತಾನಾಗಿಯೇ ರೇಡಿಯೋವನ್ನು ಚಾದರಿನಲ್ಲಿ ಕಟ್ಟಿಕೊಂಡು ಉದಗೀರಕ್ಕೆ ಹೋದ. ಸಂಜೆಗೆ ಅದೇ ಗಂಟು ಹೊತ್ತು ತಿರುಗಿ ಬಂದ. ಅಷ್ಟೊತ್ತಿಗೆ ಕಿಸೆಯಲ್ಲಿ ಹಿಡಿಯುವ ಟ್ರಾನ್ಸಿಸ್ಟರುಗಳು ಬಂದಿದ್ದವು. ಈ ವಾಲ್ವಿನ ಸೆಟ್ಟನ್ನು ಮುಟ್ಟುವವರಿರಲಿಲ್ಲ. ಅಟ್ಟದ ಮೇಲಿನ ಖೋಕಾ ಹುಡುಕಿದರೆ ಇಲಿಗಳು ಅದರಲ್ಲಿ ಸಂಸಾರ ಹೂಡಿದ್ದವು. ಕಿಮ್ಮತ್ತು ಇದ್ದದ್ದೆಲ್ಲ ಹೋಯಿತು, ಕಿಮ್ಮತ್ತಿಲ್ಲದ ರೇಡಿಯೋ ಉಳಿಯಿತು. ಹೆಸರು ಹಾಕಿಸಿದ ಭಾಂಡೆಗಳೂ ಉಳಿದವು ಅನ್ನಿ. ಆ ವರ್ಷದ ಸಂಜೆಗಳಲ್ಲಿ ದನದ ಕೊಟ್ಟಿಗೆಯಿಂದ ಒಂದು ಗಂಟೆಯ ಸದ್ದೂ ಬರುತ್ತಿರಲಿಲ್ಲ. ಬ್ಯಾಟರಿ ಇದ್ದಷ್ಟು ದಿನ ರೇಡಿಯೋ ಮಾತಾಡಿತು.

ಅದೇ 1972ರಲ್ಲಿ ಜಪಾನಿನಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ರೆಕಾರ್ಡ್ ಪ್ಲೇಯರು ಹುಟ್ಟಿತಂತೆ. ಇದನ್ನು ಹೇಳಿದವನು ಪುಣೆಯ ಹುಡುಗ. ಬೆಲ್ಟಿಲ್ಲ, ಮೋಟಾರಿನ ಮೇಲೆಯೇ ತಟ್ಟೆ ಕೂತು ತಿರುಗುತ್ತದೆ. 2010ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು, 2016ರಲ್ಲಿ ಮತ್ತೆ ಶುರುಮಾಡಿತು. ‘ಹಳೇದಕ್ಕೂ ರೇಟ್ ಇಳಿಯಂಗಿಲ್ಲ ಕಾಕಾ, ಬಂಗಾರ ಅಂತ ತಿಳಕೊ’ ಅಂದ. ತಿಳಕೊಂಡೆ. ಬಂಗಾರವೇ ಆಗಿದ್ದರೆ ಅದನ್ನು ಲಾಕರಿನಲ್ಲಿಡಬೇಕು, ನನಗೆ ಬೇಕಾದದ್ದು ಗಾಯಕ ಮಲ್ಲಿಕಾರ್ಜುನ ಮನ್ಸೂರರ ದನಿ.

ಕೊಂಡ ವಸ್ತುವನ್ನು ಬಳಸದೆ ಕಾಪಾಡಿದರೆ ಬೆಲೆ ಉಳಿಯುತ್ತದೆ ಎಂಬ ಲೆಕ್ಕ ಪಾತ್ರೆಗೆ ಸರಿ, ಪಾಟ್ಲಿಗೆ ಸರಿ, ಈ ಹಾಡುವ ಯಂತ್ರಗಳಿಗೆ ಅಷ್ಟು ಸರಿಹೋಗುವುದಿಲ್ಲ. ಸ್ಪೀಕರಿನ ಕಾಗದದ ಅಂಚಿಗೆ ಸುತ್ತ ಹಚ್ಚಿದ ಫೋಮು ಹಾಡಿದರೂ ಪುಡಿಯಾಗುತ್ತದೆ, ಹಾಡದಿದ್ದರೂ ಪುಡಿಯಾಗುತ್ತದೆ. ಅದಕ್ಕೆ ಗಾಳಿ, ವರ್ಷ ಎರಡೇ ಸಾಕು. ಆಂಪ್ಲಿಫೈಯರಿನೊಳಗಿನ ಕೆಪಾಸಿಟರುಗಳ ದ್ರವ ಕೂತಲ್ಲೇ ಒಣಗುತ್ತದೆ. ಕ್ಯಾಸೆಟ್ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗುತ್ತದೆ. ನಮ್ಮ ಟೂ-ಇನ್-ಒನ್ ಬಿಚ್ಚಿದ ದಿನ ನನ್ನ ಬೆರಳಿಗೆ ಹತ್ತಿದ ಆ ಕಪ್ಪು, ಸೀಮೆಎಣ್ಣೆಗೂ ಬಗ್ಗದೆ, ಮರುದಿನ ಶಾಲೆಯಲ್ಲಿ ನಾನು ತಿದ್ದಿದ ಎಲ್ಲ ಗಣಿತದ ಪೇಪರುಗಳ ಮೇಲೂ ಸಹಿ ಹಾಕಿತು. ಪ್ಲಾಸ್ಟಿಕ್ ಕವರು ತೆಗೆಯದೆ ಇಟ್ಟವನು ಏನು ಕಾಪಾಡಿದ ಅಂತ ಕೇಳಿದರೆ, ಪ್ಲಾಸ್ಟಿಕ್ ಕವರನ್ನು. ಹಾಗೆ ಇಟ್ಟವನು ತನ್ನ ರೊಕ್ಕದಲ್ಲಿ, ತನ್ನ ಮನೆಯ ಜಾಗದಲ್ಲಿ, ಹೆಸರು ಗೊತ್ತಿಲ್ಲದ ಮುಂದಿನ ಗಿರಾಕಿಯ ಸಲುವಾಗಿ ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ.

ಹಾಕಿದ ರೊಕ್ಕ ತಿರುಗಿ ಬರುವ ಲೆಕ್ಕ ನಿಜಕ್ಕೂ ಬೇಕಾದದ್ದು ನಮ್ಮೂರ ಮೈಕ್ ಸೆಟ್ಟಿನವನಿಗೆ. ಅಹುಜಾ ಆಂಪ್ಲಿಫೈಯರು, ನಾಲ್ಕು ಭೋಂಗಾ, ಒಂದು ಬ್ಯಾಟರಿ, ಒಂದು ಸೈಕಲ್ಲು. ಇದರ ಮೇಲೆ ಅವನ ಮನೆ ನಡೆಯಬೇಕು. ಆದರೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಸುಖಪಟ್ಟವನೂ ಅವನೇ. ಮದುವೆಯ ಮನೆಯವರು ಇನ್ನೂ ಹಂದರಕ್ಕೆ ಗುಣಿ ತೋಡುತ್ತಿರುವಾಗಲೇ ಭೋಂಗಾ ಬೇವಿನ ಗಿಡಕ್ಕೆ ಏರಿಸಿ, ‘ಹಲೋ ಹಲೋ’ ಅಂತ ಎರಡು ಸಲ ಅಂದು, ಯಾರೂ ಕೇಳದಿದ್ದರೂ ತನಗೆ ಬೇಕಾದ ರೆಕಾರ್ಡು ಹಚ್ಚಿ ಬೀಡಿ ಸೇದುತ್ತ ಕೂಡುತ್ತಿದ್ದ. ಲಿಂಗಾಯತರ ಮನೆಯಲ್ಲಾದರೆ ಬೆಳಿಗ್ಗೆ ಮನ್ಮಥ ಸ್ವಾಮಿಗಳ ಮರಾಠಿ ಅಭಂಗ, ಮಧ್ಯಾಹ್ನ ಕನ್ನಡ ವಚನ, ಬೀಗರು ಉಂಡ ಮೇಲೆ ಸಿನಿಮಾ. ಈ ಕ್ರಮ ಅವನೇ ಮಾಡಿಕೊಂಡದ್ದು, ಯಾವ ಪುರೋಹಿತನೂ ಬದಲಿಸುವಂತಿರಲಿಲ್ಲ.

1993ರ ಗಣಪತಿ ಮುಳುಗಿಸುವ ದಿನವೂ ಅವನ ಭೋಂಗಾ ತಡರಾತ್ರಿಯವರೆಗೆ ಹಾಡಿತ್ತು. ಆ ರಾತ್ರಿ ಕಳೆದು ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದವರ ಮೇಲೆ ಮಲಗಿದವು. ಆ ಕಲ್ಲಿನ ಮನೆಗಳೇ ನಮ್ಮ ಸೀಮೆಯ ದೊಡ್ಡ ಆಸ್ತಿ, ತಲೆಮಾರು ಕಳೆದರೂ ಬೆಲೆ ಇಳಿಯದವು ಅಂತ ಹೆಸರಾಗಿದ್ದವು. ಮೈಕ್ ಸೆಟ್ಟಿನವನು ತನ್ನ ಸಾಮಾನು ಹೇರಿಕೊಂಡು ಹೋಗಿ, ಊಟ ಎಲ್ಲಿದೆ, ನೀರಿನ ಟ್ಯಾಂಕರು ಎಲ್ಲಿದೆ, ಯಾರು ಯಾರನ್ನು ಹುಡುಕುತ್ತಿದ್ದಾರೆ ಎಂದು ದಿನಗಟ್ಟಲೆ ಕೂಗಿದ. ಬಾಡಿಗೆ ಕೇಳಲಿಲ್ಲ. ಆ ದಿನಗಳ ಮಳೆಯಲ್ಲಿ ನೆನೆದ ಆಂಪ್ಲಿಫೈಯರು ಮುಂದೆ ರಿಪೇರಿಗೆ ಬಗ್ಗಲಿಲ್ಲ. ಅದರ ಬಗ್ಗೆ ಅವನು ಮಾತಾಡಿದ್ದನ್ನೂ ನಾನು ಕೇಳಿಲ್ಲ.

ನನ್ನ ಖರೀದಿಯ ಮಾತಿಗೆ ಬರುತ್ತೇನೆ. ಉದಗೀರದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ ಹಳೆಯ ಸಂಗೀತದ ಸಾಮಾನಿದೆ, ಕೊಡುವವರಿದ್ದಾರೆ ಎಂದು ಗೆಳೆಯರೊಬ್ಬರು ಹೇಳಿದರು. ಕಾಸಾರಸಿರ್ಸಿ, ನಿಲಂಗಾ ದಾಟಿ ಎಸ್‌ಟಿ ಬಸ್ಸಿನಲ್ಲಿ ಹೋದೆ. ಮುಂದಿನ ಕೋಣೆಯಲ್ಲಿ ಕೋಲ್ಕತ್ತಾದ ಸೋನೋಡೈನ್ ಕಂಪನಿಯ ಒಂದು ಜೋಡಿ ಸಣ್ಣ ಸ್ಪೀಕರು, ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು. ಒಂದು ಸ್ಪೀಕರಿನ ನೆತ್ತಿಯ ಮೇಲೆ ಚಹದ ಕಪ್ಪಿನ ಗುಂಡನೆಯ ಕಲೆಗಳು, ಒಂದರೊಳಗೊಂದು, ಐದಾರು. ಮಗ್ಗುಲಲ್ಲಿ ಯಾವುದೋ ಮಗು ಮೊಳೆಯಿಂದ ಅ ಆ ಇ ತಿದ್ದಿತ್ತು, ಮರಾಠಿಯಲ್ಲಿ. ನಾನು ಅಜ್ಜನ ಮೊಮ್ಮಗನೇ. ಬಗ್ಗಿ ನೋಡಿದೆ, ಕಾಗದದ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿದೆ, ಗುಂಡಿ ತಿರುಗಿಸಿ ಕರಕರ ಕೇಳಿದೆ, ಪ್ರತಿಯೊಂದಕ್ಕೂ ‘ಹ್ಞೂಂ’ ಅಂತ ಅನುಮಾನದ ಒಂದು ಸದ್ದು ಹೊರಡಿಸಿದೆ. ಟವೆಲ್ಲು ಒಂದಿರಲಿಲ್ಲ.

ಅರ್ಧ ತಾಸು ಇಬ್ಬರೂ ಅಪ್ಪಟ ಮರಾಠಿಯಲ್ಲಿ ಚೌಕಾಸಿ ಮಾಡಿದೆವು. ನಾನು ಕಲೆ ತೋರಿಸುತ್ತಿದ್ದೆ, ಅವರು ಕಂಪನಿ ತೋರಿಸುತ್ತಿದ್ದರು. ಬೆಲೆ ಇನ್ನೇನು ನಾನು ಹೇಳಿದಲ್ಲಿಗೆ ಬರಬೇಕು, ಆಗ ಅವರು ಒಳಗೆ ತಿರುಗಿ, ‘ಅಲ್ಲಿ ಗುರೂಜಿಗ ಚಾ ಇಡವಾ ಜರಾ, ಎಷ್ಟೊತ್ತಾತು ಬಂದು’ ಅಂದರು. ನಾನು, ‘ಸಕ್ರಿ ಕಡಿಮಿ ಇರಲಿ ಅಕ್ಕಾರ’ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಲ್ಲಿಗೆ ವ್ಯಾಪಾರ ಕೆಟ್ಟಿತು. ಯಾವ ಊರು, ಯಾರ ಪೈಕಿ, ಬಸವಕಲ್ಯಾಣದ ಆ ಮಠದವರು ನಿಮಗೇನಾಗಬೇಕು ಎಂದು ಮಾತು ಹೊರಟ ಮೇಲೆ ಐನೂರು ರೂಪಾಯಿ ಬಿಡಿ ಅನ್ನಲು ನನಗೂ ನಾಲಿಗೆ ಬರಲಿಲ್ಲ, ಇಷ್ಟೇ ಬೇಕು ಅನ್ನಲು ಅವರಿಗೂ ಬರಲಿಲ್ಲ. ಮನೆಯ ಮಾತಿನಲ್ಲಿ ಜಗಳಾಡಬಹುದು, ಚೌಕಾಸಿ ಆಗುವುದಿಲ್ಲ. ‘ಮೊದಲ ಕೇಳ್ರಿ, ಆಮ್ಯಾಲ ರೊಕ್ಕದ ಮಾತು’ ಅಂತ ಅವರು ಮಲ್ಲಿಕಾರ್ಜುನ ಮನ್ಸೂರರ ಒಂದು ರೆಕಾರ್ಡು ಹಚ್ಚಿದರು. ಒಂದು ಮಗ್ಗುಲು ಪೂರ್ತಿ ಕೇಳಿದೆವು. ನಡುವೆ ಅವರ ಹೆಂಡತಿ ಚಹ ತಂದು ಟೇಬಲ್ಲಿನ ಮೇಲೆ ಇಡದೆ, ಅಭ್ಯಾಸಬಲದಿಂದ ಸ್ಪೀಕರಿನ ಮೇಲೆಯೇ ಇಟ್ಟರು.

ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ, ಫ್ಲ್ಯಾಟಿನಲ್ಲಿ ಜಾಗವಿಲ್ಲ ಅಂದರು. ಎಷ್ಟು ಕೊಟ್ಟೆ ಅನ್ನುವುದನ್ನು ಪುಣೆಗೆ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಹಳೆಯ ಚಾದರಿನಲ್ಲಿ ಮೂರು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, ಅರವತ್ತೈದು ದಾಟಿದವರಿಗೆ ಅರ್ಧ ಟಿಕೆಟು ಅಂತ ನನಗೆ ಅರ್ಧ ಹರಿದು, ಗಂಟುಗಳಿಗೆ ಪೂರ್ತಿ ಲಗೇಜು ಹಚ್ಚಿದ. ಸರಕಾರದ ದೃಷ್ಟಿಯಲ್ಲಿ ಯಾವುದರ ಕಿಮ್ಮತ್ತು ಇಳಿದಿದೆ, ಯಾವುದರದು ಇಳಿದಿಲ್ಲ ಎಂಬುದು ಆ ಟಿಕೆಟಿನಲ್ಲಿ ಸ್ಪಷ್ಟವಾಗಿತ್ತು.

ದೀಪಾವಳಿಗೆ ಹುಡುಗ ಬಂದ. ಕಾಲಿಗೆ ಬಿದ್ದ, ಎದ್ದ, ಸ್ಪೀಕರು ನೋಡಿದ, ಚಹದ ಕಲೆ ನೋಡಿದ, ಮೊಳೆಯ ಅಕ್ಷರ ನೋಡಿದ. ಬಾಯಿ ತೆರೆದವನು ಯಾಕೋ ಮುಚ್ಚಿದ. ಆಮೇಲೆ ರಾತ್ರಿ ಹನ್ನೊಂದರ ತನಕ, ಲಾರಿಗಳ ಸದ್ದಿನ ನಡುವೆ, ಒಂದಾದ ಮೇಲೆ ಒಂದು ರೆಕಾರ್ಡು ತಿರುವಿ ಹಾಕುತ್ತ ಕೂತ. ಮರುದಿನ ಹೋಗುವಾಗ, ‘ಕಾಕಾ, ಮುಂದ ಕೊಡೂದಾದ್ರ ಹೊರಗಿನವ್ರಿಗಿ ಕೊಡಬ್ಯಾಡ’ ಅಂದ. ಇದೂ ಒಂದು ಬಗೆಯ ರೀಸೇಲೇ ಇರಬೇಕು.

ನೀವೂ ಹಳೆಯ ಸಾಮಾನು ಕೊಳ್ಳಲು ಹೊರಟಿದ್ದರೆ ನನ್ನದೊಂದು ಮಾತು. ಫೋಮು ಒತ್ತಿ ನೋಡಿ, ಪುಡಿ ಉದುರಿದರೆ ಆ ಖರ್ಚು ಕಳೆಯಿರಿ. ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದು ಮಗ್ಗುಲು ಪೂರ್ತಿ ಕೇಳುವ ತನಕ ಬೆಲೆಯ ಮಾತು ತೆಗೆಯಬೇಡಿ. ಬಿಲ್ಲು, ಖೋಕಾ ಇದೆಯೇ ಅಂತ ಕೊನೆಗೆ ಕೇಳಿ. ಕೇಳುವುದು ಮರೆತರೂ ನಡೆಯುತ್ತದೆ.